ರೇಡಿಯೇಟರಿನೊಳಗಿನ ಅಂಬಲಿ

ತಾಳ್ಮೆ ಮನುಷ್ಯನ ಮೊದಲ ಗುಣ. ಅವಸರವಿಲ್ಲದ ದಿನಗಳಲ್ಲಿ ಅದು ನನ್ನಲ್ಲಿ ತುಂಬಿ ತುಳುಕುತ್ತದೆ. ಅಂದು ಸಂಜೆಯೊಳಗೆ ಜಗಳೂರಿನ ಶಾಲೆಯಲ್ಲಿ ಹಾಜರಾಗದಿದ್ದರೆ ನನಗೆ ಬಂದಿದ್ದ ಮೇಷ್ಟರ ಕೆಲಸ ಇನ್ನೊಬ್ಬರ ಪಾಲಾಗುತ್ತಿತ್ತು. ಯುದ್ಧಕಾಲದ ಪೆಟ್ರೋಲ್ ಬರದಲ್ಲಿ ಸಿಕ್ಕಿದ್ದ ಒಂದೇ ಲಾರಿ ಬಸವಾಪಟ್ಟಣದಲ್ಲೇ ಕುದಿದು ನಿಂತಿತು. ರೇಡಿಯೇಟರ್ ಸೋರುತ್ತಿದೆಯೆಂದು ಡ್ರೈವರ್ ಹಿಂದಿನ ದಿನ ಅದಕ್ಕೆ ರಾಗಿಹಿಟ್ಟು ಸುರಿದಿದ್ದ. ಸೋರುವುದು ನಿಂತಿತ್ತು, ಒಳಗೆ ನೀರು ಓಡಾಡುವುದೂ ನಿಂತಿತ್ತು.

ರಿಪೇರಿಯ ಸಾಬರು ಅದನ್ನು ಬಿಚ್ಚಿ, ತಲೆಕೆಳಗು ಮಾಡಿ, ಕೊಡಗಟ್ಟಲೆ ನೀರು ಹೊಯ್ದರು. ನಾನು ಅವರ ಸುತ್ತಲೇ ಸುತ್ತಿದೆ.

"ಸಾಕು ಬಿಡ್ರಿ ಸಾಬ್ರೆ, ಹೊತ್ತಾತು."

"ಇನ್ನೂ ಅಂಬಲಿನೇ ಬರ್ತೈತೆ ಮೇಷ್ಟ್ರೆ. ಹಿಂಗೇ ಕೂರಿಸಿದ್ರೆ ಮತ್ತೆ ಕುದೀತೈತೆ. ಬೇಕಾದ್ರೆ ಉಪ್ಪು ಹಾಕ್ಕೊಂಡು ಒಂದು ಲೋಟ ಕುಡೀರಿ."

ನೀರು ತಿಳಿಯಾದ ಮೇಲೆಯೇ ಅದನ್ನು ಕೂರಿಸಿದರು. ಲಾರಿ ದಾರಿಯಲ್ಲಿ ಒಮ್ಮೆಯೂ ಕುದಿಯಲಿಲ್ಲ. ಮರುದಿನ ಬೆಳಿಗ್ಗೆ ಜಗಳೂರು ತಲುಪಿದಾಗ ಕೆಲಸ ಬೇರೊಬ್ಬರಿಗೆ ಸಿಕ್ಕಿತ್ತು.