ಗುಡಿಸದೆ ಬಿಟ್ಟ ನೆಲ

ಅಜ್ಜಿಯ ಬಲಗೈ ಹೆಬ್ಬೆರಳು ಬುಡದಲ್ಲಿ ದಡ್ಡುಗಟ್ಟಿ ಹೊರಕ್ಕೆ ಬಾಗಿತ್ತು. ಪೊರಕೆ ಇಲ್ಲದಾಗಲೂ ಆ ಕೈ ಸುಮ್ಮನಿರುತ್ತಿರಲಿಲ್ಲ; ಬೆಂಚನ್ನೋ ಕಿಟಕಿಯ ಅಂಚನ್ನೋ ಒರೆಸುತ್ತಲೇ ಇರುತ್ತಿತ್ತು. ಯಲಹಂಕದ ಹತ್ತಿರದ ನಮ್ಮ ಕಾಲೇಜನ್ನು ಗುಡಿಸಲು ಜಕ್ಕೂರಿನಿಂದ ನಡೆದೇ ಬರುತ್ತಿದ್ದರು. ಪ್ರಿನ್ಸಿಪಾಲರಿಂದ ಹಿಡಿದು ಎಲ್ಲರಿಗೂ ಅವರು ಅಜ್ಜಿ.

ನಾನಾಗ ಅಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಕಾಲೇಜಿನ ಹಿಂದಿನ ಹಳೇ ತೋಪಿನ ತರಗೆಲೆಯಲ್ಲಿ ನನಗೊಂದು ಜೇಡ ಸಿಕ್ಕಿತ್ತು. ರಾಗಿಕಾಳಿಗಿಂತ ತುಸು ದೊಡ್ಡದು, ದಟ್ಟ ಕಾಡಿನಲ್ಲೇ ಅಪರೂಪ. ಆದರೆ ಸಿಕ್ಕಿದ್ದು ಹೆಣ್ಣು. ಗಂಡು ಸಿಗದೆ ಇದು ಇಂಥದೇ ಜಾತಿ ಎನ್ನುವಂತಿರಲಿಲ್ಲ. ನನ್ನ ಎರಡು ವರ್ಷದ ಕೆಲಸ ಅಲ್ಲಿಗೇ ನಿಂತಿತ್ತು. ಆ ಜಾಗ ಗುಡಿಸಬೇಡಿ ಎಂದು ಅಜ್ಜಿಗೆ ಕೈಮುಗಿದು ಹೇಳಿದ್ದೆ.

ಪಾಪ, ಅವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಪೊರಕೆ ಹಿಡಿದು ಅಂಚಿನಲ್ಲಿ ಶತಪಥ ತಿರುಗುತ್ತಿದ್ದರು. "ನೆಲ ಇಂಗ್ ಬಿದ್ದಿದ್ರೆ ಉಂಡಿದ್ದು ಮೈಗತ್ತಕಿಲ್ಲ ಕಣವ್ವ," ಎನ್ನುತ್ತಿದ್ದರು. ನಾನು ಬಿಳಿ ಪಂಚೆ ಹಾಸಿ ಎಲೆ ಜರಡಿ ಹಿಡಿಯುವಾಗ ಪಕ್ಕದಲ್ಲಿ ಕೂರುವರು. ಎರಡೇ ನಿಮಿಷ, ಮತ್ತೆ ಏಳುವರು.

ಜೇಡಗಳ ವಿಷಯದಲ್ಲಿ ದೊಡ್ಡ ಹೆಸರಿನ ಮೇಷ್ಟ್ರೊಬ್ಬರು ತೋಪು ನೋಡಲು ಬರುವವರಿದ್ದರು. ಅಂದು ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಜಾಗ ಅಂಗೈಯಂತೆ ನುಣುಪಾಗಿತ್ತು. ನೀರು ಚಿಮುಕಿಸಿ, ನಡುವೆ ರಂಗೋಲಿ. ಪಕ್ಕದಲ್ಲಿ ನಗುತ್ತ ಅಜ್ಜಿ.

"ದೊಡ್ಡೋರ್ ಬತ್ತಾರೆ ಅಂದ್ಯಲ್ಲವ್ವ. ಕಸದ್ ಮೇಲೆ ನಿಲ್ಸಕಾಯ್ತದಾ?"

ಬಾಯಿಗೆ ಬಂದಂತೆ ಬೈದೆ. ಅವರ ವಯಸ್ಸನ್ನೂ ನೋಡಲಿಲ್ಲ. ಅಜ್ಜಿ ಪೊರಕೆ ಎತ್ತಿಕೊಂಡು ಹೊರಟುಹೋದರು. ಮೇಷ್ಟ್ರು ಬಂದು, ರಂಗೋಲಿ ನೋಡಿ, ಕಾಫಿ ಕುಡಿದು ಹೋದರು.

ಮಧ್ಯಾಹ್ನ ಅಜ್ಜಿ ತಲೆಯ ಮೇಲೆ ಗೋಣಿಚೀಲ ಹೊತ್ತು ಬಂದರು. ಹಿಂದಿನ ಸಂಜೆ ಗುಡಿಸಿದ ಎಲೆಗೆ ಬೆಂಕಿ ಹಾಕದೆ, ಹಿತ್ತಲಿನ ಗೊಬ್ಬರಕ್ಕೆಂದು ಮನೆಗೆ ಒಯ್ದಿದ್ದರಂತೆ. ನನ್ನ ಮುಖ ನೋಡದೆ ಪಂಚೆ ಹಾಸಿ, ಜರಡಿ ಹಿಡಿದು ಕೂತರು. ಹೊತ್ತು ಇಳಿದರೂ ಏಳಲಿಲ್ಲ. ಅಷ್ಟು ಹೊತ್ತು ಅವರು ಒಂದೆಡೆ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ನೋಡವ್ವ, ಇವ್ನೇನಾ?"

ಅವನೇ. ನನ್ನ ಕಣ್ಣು ತುಂಬಿ ಬಂತು. ಅಜ್ಜಿ "ಸದ್ಯ" ಎಂದು ಎದ್ದು, ಎಲೆಗಳನ್ನೆಲ್ಲ ತಮ್ಮ ರಂಗೋಲಿಯ ಮೇಲೆಯೇ ಕೈಯಾರೆ ಹರಡಿದರು.

ಆ ಜೇಡವನ್ನಿಟ್ಟ ಸೀಸೆಗೆ ಚೀಟಿ ಬರೆಯುವಾಗ 'ಸಂಗ್ರಹಿಸಿದವರು' ಎಂಬಲ್ಲಿ ಕೈ ನಿಂತಿತು. ಅಜ್ಜಿಯ ಹೆಸರು ನನಗೆ ಗೊತ್ತಿರಲಿಲ್ಲ. ನಾಳೆ ಕೇಳಿ ತಿದ್ದಿದರಾಯಿತು ಎಂದು ನನ್ನ ಹೆಸರು ಬರೆದೆ. ಬೈದದ್ದಕ್ಕೆ ತಪ್ಪಾಯಿತು ಎನ್ನುವುದನ್ನೂ ಆ ನಾಳೆಗೇ ಬಿಟ್ಟೆ. ನಾಳೆ ನಾಳೆ ಎನ್ನುವಷ್ಟರಲ್ಲಿ ಪದವಿ ಬಂತು, ಬೇರೆ ಊರಲ್ಲಿ ಕೆಲಸ ಸಿಕ್ಕಿತು.

೨೦೧೯ರಲ್ಲಿ ಮತ್ತೆ ಆ ಕಾಲೇಜಿಗೆ ಹೋದಾಗ ಅಜ್ಜಿ ತೀರಿಕೊಂಡು ವರ್ಷವಾಗಿತ್ತು. ಅವರ ಹೆಸರೇನು ಎಂದು ಗೇಟಿನವರನ್ನು ಕೇಳಿದೆ.

"ಅಜ್ಜಿ ಅಂತಿದ್ವಿ ಮೇಡಂ, ಹೆಸ್ರು ಗೊತ್ತಿಲ್ಲ. ತೋಪಲ್ಲೊಂದ್ ಜಾಗ ಯಾರೂ ಗುಡಿಸ್ಬೇಡಿ, ಆ ಹುಡ್ಗಿ ಬಂದ್ರೆ ಬೇಕಾಗ್ತದೆ ಅಂತ ಹೇಳ್ತಾನೇ ಇತ್ತು."

ತೋಪಿಗೆ ಹೋದೆ. ಆ ಜಾಗದಲ್ಲಿ ಮಾತ್ರ ವರ್ಷಗಳ ಎಲೆ ಹಾಗೇ ಬಿದ್ದಿತ್ತು. ಚೀಟಿಯ ಮೇಲೆ ಇಂದಿಗೂ ನನ್ನ ಹೆಸರೇ ಇದೆ.