ಕೆಡ್ಡಸದಲ್ಲಿ ಅಗೆದ ಮಡಿ

ವಿಜಯಪುರದಿಂದ ಹೊರಟ ಸಾಮಾನಿನ ಲಾರಿ ಇನ್ನೂ ಘಾಟಿ ಇಳಿಯುತ್ತಿರುವಾಗಲೇ ನಾವು ನಾಲ್ವರು ಆ ಬಾಡಿಗೆ ಮನೆಯ ಮುಂದೆ ನಿಂತಿದ್ದೆವು. ಧರ್ಮಸ್ಥಳದ ಒಂದು ಲಾಡ್ಜಿನಲ್ಲಿ ನನ್ನ ಗಂಡನಿಗೆ ಮ್ಯಾನೇಜರ್ ಕೆಲಸ ಸಿಕ್ಕಿತ್ತು. ಮನೆ ಸಿಕ್ಕಿದ್ದು ಮಾತ್ರ ಕೊಕ್ಕಡದ ಕಡೆಯ ಒಂದು ಹಳ್ಳಿಯಲ್ಲಿ, ರಬ್ಬರ್ ಮರಗಳ ಗುಡ್ಡದ ಮೇಲೆ. ಕೆಂಪು ಕಲ್ಲಿನ ಹೊಸ ಮನೆ; ಕಟ್ಟಿಸಿದವರು ದುಬೈಯಲ್ಲಿದ್ದರು. ಬೀಗದ ಕೈ ಇದ್ದದ್ದು ಅವರ ಅಕ್ಕನ ಹತ್ತಿರ. ಅವರ ಮನೆ ಗುಡ್ಡದ ಕೆಳಗೆ, ನಮ್ಮ ಅಂಗಳದಿಂದ ಕೂಗಿದರೆ ಕೇಳುವಷ್ಟು ಹತ್ತಿರ.

ಆಕೆ ಬೀಗ ತೆಗೆಯಲಿಲ್ಲ. ಮೊದಲು ನಮ್ಮನ್ನು ತಮ್ಮ ಜಗಲಿಯಲ್ಲಿ ಕೂರಿಸಿ, ತಟ್ಟೆಯಲ್ಲಿ ಬೆಲ್ಲದ ತುಂಡು, ತಂಬಿಗೆಯಲ್ಲಿ ನೀರು ತಂದಿಟ್ಟರು. "ಅಷ್ಟು ದೂರದಿಂದ ಬಂದಿದ್ದೀರಿ. ಮೊದಲು ಬಾಯಾರಿಕೆಗೆ ಕುಡಿಯಿರಿ, ಮನೆ ಎಲ್ಲಿಗೂ ಹೋಗುವುದಿಲ್ಲ ಮಾರಾಯ್ತಿ" ಎಂದರು. ನಾನು ನೀರು ಕುಡಿದೆ. ನನ್ನ ಒಂಬತ್ತು ವರ್ಷದ ಮಗಳು ತಟ್ಟೆಯಲ್ಲಿದ್ದ ಬೆಲ್ಲವನ್ನೆಲ್ಲ ತಿಂದು ಮುಗಿಸಿ, ಆಕೆಯ ಪಕ್ಕಕ್ಕೆ ಸರಿದು ಕುಳಿತಳು. ನನ್ನ ಎಚ್ಚರ ಅಂದೇ ಶುರುವಾಗಬೇಕಿತ್ತು.

ಹೊಸ ಊರಿಗೆ ಬಂದಾಗ ಮಕ್ಕಳು ಹೊಂದಿಕೊಳ್ಳುವುದಿಲ್ಲ, ಅಳುತ್ತಾರೆ, ರಾತ್ರಿ ಜ್ವರ ಬರುತ್ತದೆ ಎಂದೆಲ್ಲ ನಮ್ಮ ಓಣಿಯ ಹೆಂಗಸರು ನನ್ನನ್ನು ಹೆದರಿಸಿ ಕಳಿಸಿದ್ದರು. ನಾನು ಅದಕ್ಕೆ ತಯಾರಾಗಿಯೇ ಬಂದಿದ್ದೆ. ಅತ್ತರೆ ಎತ್ತಿಕೊಳ್ಳೋಣ, ಮುನಿದರೆ ಶೇಂಗಾ ಹೋಳಿಗೆ ಮಾಡಿಕೊಡೋಣ ಎಂದುಕೊಂಡಿದ್ದೆ. ಮಕ್ಕಳು ಅಳಲಿಲ್ಲ. ನಾಲ್ಕು ವರ್ಷದ ಮಗ ವಾರದೊಳಗೆ ಆ ಮನೆಯ ನಾಯಿಯ ಜೊತೆ ಗೆಳೆತನ ಮಾಡಿಕೊಂಡ. ಮಗಳು ಆ ಮನೆಯನ್ನೇ ತನ್ನದು ಮಾಡಿಕೊಂಡಳು. ಅತ್ತವಳು ನಾನೊಬ್ಬಳೇ, ಅದೂ ಬಚ್ಚಲುಮನೆಯಲ್ಲಿ, ನಲ್ಲಿ ಬಿಟ್ಟುಕೊಂಡು.

ಶಾಲೆಯಿಂದ ಬಂದವಳೇ ಚೀಲ ಎಸೆದು ಕೆಳಗಿನ ಮನೆಗೆ ಓಡುತ್ತಿದ್ದಳು. ಅಲ್ಲಿ ರಬ್ಬರ್ ಹಾಲನ್ನು ಟ್ರೇಗಳಲ್ಲಿ ಹೆಪ್ಪು ಹಾಕಿ, ಗಟ್ಟಿಯಾದ ಮೇಲೆ ರೋಲರಿಗೆ ಕೊಟ್ಟು ಶೀಟು ಮಾಡುತ್ತಾರೆ. ರೋಲರಿನ ಹಿಡಿ ತಿರುಗಿಸುವ ಕೆಲಸ ನನ್ನ ಮಗಳದು! ಮನೆಯಲ್ಲಿ ಒಂದು ಲೋಟ ತೊಳೆದಿಡು ಎಂದರೆ ಹೊಟ್ಟೆನೋವು ಬರುವ ಹುಡುಗಿ ಅಲ್ಲಿ ಬೆವರು ಸುರಿಸಿ ಹಿಡಿ ತಿರುಗಿಸುತ್ತಿದ್ದಳು. ಶೀಟುಗಳು ಹಗ್ಗದ ಮೇಲೆ ಒದ್ದೆ ಟವೆಲಿನಂತೆ ನೇತಾಡುತ್ತಿದ್ದವು. ಸಂಜೆ ಅವಳ ಕೈ ಮೂಸಿದರೆ ಹುಳಿ ವಾಸನೆ. ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದೆ. "ಇದು ಒಳ್ಳೆ ಪರಿಮಳ" ಎನ್ನುತ್ತಿದ್ದಳು. ನಮ್ಮ ಕಡೆ ಅದಕ್ಕೆ ನಾತ ಎನ್ನುತ್ತೇವೆ.

ಆಕೆಯನ್ನು ಅವಳು ಕರೆಯುತ್ತಿದ್ದುದು ದೊಡ್ಡಮ್ಮ ಎಂದು. ಹಾಗೆ ಕರೆಯಲು ಯಾರು ಹೇಳಿಕೊಟ್ಟರೋ. ದೊಡ್ಡ ಅಮ್ಮ ಆಕೆಯಾದರೆ ನಾನು ಸಣ್ಣವಳಾದೆನಲ್ಲ ಎಂದು ಗಂಡನ ಹತ್ತಿರ ಹೇಳಿದೆ. ಅವರು ನಕ್ಕರು. ಲಾಡ್ಜಿನಲ್ಲಿ ದಿನವಿಡೀ ಯಾತ್ರಿಕರ ತಕರಾರು ಕೇಳಿ ಬಂದವರಿಗೆ ನನ್ನದು ತಕರಾರು ಎನ್ನಿಸುತ್ತಲೇ ಇರಲಿಲ್ಲ.

ಇಷ್ಟಾದರೂ ತಡೆದುಕೊಳ್ಳುತ್ತಿದ್ದೆ. ತಡೆಯಲಾಗದ್ದು ಆದದ್ದು ದಸರಾ ರಜೆ ಮುಗಿದ ಮೇಲೆ. ಒಂದು ದಿನ ಶಾಲೆಯಿಂದ ಬಂದು, "ಅಮ್ಮ, ತಿನ್ನಲಿಕ್ಕೆ ಏನುಂಟು?" ಎಂದು ಕೇಳಿದಳು. ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಬಂದಿದ್ದಾರೇನೋ ಎಂದು. ಹುಟ್ಟಿ ಮಾತು ಬಂದಾಗಿನಿಂದ ಅವಳು ನನ್ನನ್ನು ಕರೆದದ್ದು ಅವ್ವ ಎಂದು. ನಾನು ನನ್ನ ತಾಯಿಯನ್ನು ಕರೆದದ್ದೂ ಹಾಗೇ.

"ಯಾಕವಾ, ಅವ್ವ ಎಲ್ಲಿ ಹೋದಳು?" ಎಂದೆ.

"ಶಾಲೆಯಲ್ಲಿ ಎಲ್ಲರೂ ನಗಾಡ್ತಾರೆ. ಇಲ್ಲಿ ಯಾರೂ ಹಾಗೆ ಹೇಳುವುದಿಲ್ಲ."

ಅಷ್ಟು ಸುಲಭವಾಗಿ ಹೇಳಿ ಅವಲಕ್ಕಿ ತಿನ್ನಲು ಕೂತಳು. ಅಂದಿನಿಂದ ನಾನು ಅಮ್ಮ. ಅವಳ ಬಾಯಿಂದ ಅವ್ವ ಎಂಬ ಮಾತು ಮತ್ತೆ ಕೇಳಲಿಲ್ಲ. ಶಾಲೆಯ ಮಕ್ಕಳ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಕೆಳಗಿನ ಮನೆಯಾಕೆಯ ಮೇಲೆ. ಮಗಳು ನನ್ನ ಕೈತಪ್ಪುತ್ತಿದ್ದಾಳೆ, ಆ ಕೈಯನ್ನು ಅಲ್ಲಿ ಯಾರೋ ಹಿಡಿದುಕೊಂಡಿದ್ದಾರೆ ಎಂದು ನನಗೆ ಖಾತ್ರಿಯಾಗಿತ್ತು. ಹೊಟ್ಟೆಕಿಚ್ಚು ಎಂದರೆ ಮಾತಿಗೆ ಹೇಳುವುದಲ್ಲ, ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆ. ಮಜ್ಜಿಗೆ ಕುಡಿದರೂ ಆರುವುದಿಲ್ಲ.

ಬೈಯೋಣ ಎಂದರೆ ಆಕೆ ಒಂದು ಕಾರಣವನ್ನಾದರೂ ಕೊಡಬಾರದೇ? ಅವರದು ದಿನಾ ಮೀನಿನ ಅಡುಗೆ. ನಾವು ತಿನ್ನುವವರಲ್ಲ. ಒಂದು ದಿನ ಮಗಳು ಅಲ್ಲೇ ಉಂಡು ಬಂದಳು. ಸಿಕ್ಕಿತು ಎಂದು ನಾನು ಸೆರಗು ಸಿಕ್ಕಿಸಿಕೊಂಡು ಕೆಳಗೆ ಇಳಿದೆ. ಆಕೆ ಒಳಗಿನಿಂದ ಒಂದು ಹೊಸ ಪಾತ್ರೆ, ಸೌಟು, ತಟ್ಟೆ ತಂದು ತೋರಿಸಿದರು. "ಮಕ್ಕಳಿಗೆ ಅಂತಲೇ ಬೇರೆ ತೆಗೆದಿಟ್ಟಿದ್ದೇನೆ. ಮೀನಿನದ್ದು ಇದಕ್ಕೆ ಮುಟ್ಟಿಸುವುದಿಲ್ಲ. ನೀವು ಬೇಜಾರು ಮಾಡಬೇಡಿ ಆಯ್ತಾ" ಎಂದರು. ನಾನು ಸಿಕ್ಕಿಸಿದ್ದ ಸೆರಗನ್ನು ಇಳಿಬಿಟ್ಟು, ಅವರು ಕೊಟ್ಟ ಚಹಾ ಕುಡಿದು, ಮೊದಲಿಗಿಂತ ಹೆಚ್ಚು ಸಿಟ್ಟಿನಿಂದ ಗುಡ್ಡ ಹತ್ತಿದೆ.

ಜೋಳದ ರೊಟ್ಟಿಯಿಂದ ಮಗಳನ್ನು ಗೆಲ್ಲೋಣ ಎಂದು ನೋಡಿದೆ. ಊರಿಂದ ತಂದ ಹಿಟ್ಟು ಇಲ್ಲಿಯ ತೇವಕ್ಕೆ ಬೂಸಲು ಹಿಡಿದಿತ್ತು. ಮತ್ತೆ ತರಿಸಿ, ತಟತಟ ಬಡಿದು, ಎಣ್ಣೆಗಾಯಿ ಮಾಡಿ ಬಡಿಸಿದೆ. ಮಗಳು ಒಂದು ರೊಟ್ಟಿ ತಿಂದು, ಇನ್ನೊಂದನ್ನು ಮಡಚಿಕೊಂಡು ಎದ್ದಳು. ಯಾರಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಸಂಜೆ ಆಕೆ ಮೇಲೆ ಬಂದು, "ಭಾರೀ ಲಾಯ್ಕುಂಟು ಮಾರಾಯ್ತಿ, ನನಗೆ ಮಾಡ್ಲಿಕ್ಕೆ ಹೇಳಿಕೊಡಿ" ಎಂದರು. ಹಿಟ್ಟು ಮುಗಿದಿದೆ ಎಂದುಬಿಟ್ಟೆ. ಡಬ್ಬಿ ತುಂಬ ಇತ್ತು. ಅದೊಂದನ್ನೂ ಆಕೆಗೆ ಕೊಟ್ಟು ನಾನು ಏನು ಇಟ್ಟುಕೊಳ್ಳಲಿ?

ಉಳಿದದ್ದು ಪುಂಡಿಪಲ್ಲೆ. ಆ ಹುಳಿ ಸೊಪ್ಪೆಂದರೆ ಮಗಳಿಗೆ ಪ್ರಾಣ. ಊರಲ್ಲಿ ಹಸಿಯಾಗಿಯೇ ಕಿತ್ತು ತಿನ್ನುತ್ತಿದ್ದಳು. ಅದು ಇಲ್ಲಿಯ ಸಂತೆಯಲ್ಲಿ ಸಿಗುವುದಿಲ್ಲ, ಕೆಳಗಿನ ಮನೆಯ ಹಿತ್ತಲಲ್ಲೂ ಇಲ್ಲ. ನನ್ನ ತಾಯಿಗೆ ಫೋನ್ ಮಾಡಿದೆ. ದರ್ಶನಕ್ಕೆ ಬಂದ ನಮ್ಮ ಕಡೆಯ ಒಂದು ಕುಟುಂಬ ಲಾಡ್ಜಿನ ಕೌಂಟರಿನಲ್ಲಿ ಬೀಜದ ಗಂಟು ಕೊಟ್ಟುಹೋಯಿತು. ಅಂಗಳದ ಬದಿಯಲ್ಲಿ, ಅಡುಗೆಮನೆಯ ಕಿಟಕಿಯ ಕೆಳಗೆ ಒಂದು ಮಡಿ ಮಾಡಿ ಬಿತ್ತುವುದು, ಚಿಗುರಿದ ಮೇಲೆ ಮಗಳೇ ಬಂದು ಮಡಿಯ ಹತ್ತಿರ ಕೂರುವುದು, ಇಬ್ಬರೂ ಸೊಪ್ಪು ಕೀಳುವುದು. ಇಷ್ಟೆಲ್ಲ ಮನಸ್ಸಿನಲ್ಲೇ ಬೆಳೆದುಬಿಟ್ಟಿತ್ತು.

ಅದು ಫೆಬ್ರುವರಿ. ರಬ್ಬರ್ ಮರಗಳು ಎಲೆ ಉದುರಿಸಿ ಬೋಳಾಗಿದ್ದವು. ಕೆಳಗಿನ ಮನೆಯಲ್ಲಿ ಹಾಲು ತೆಗೆಯುವುದು ನಿಂತಿತ್ತು. ಗಂಟು ಬಂದ ಸಂಜೆ ಮಗಳು ಓದುತ್ತ ಕೂತಿದ್ದವಳು ತಲೆಯೆತ್ತಿ, "ಅಮ್ಮ, ನಾಳೆಯಿಂದ ಕೆಡ್ಡಸ. ಮೂರು ದಿನ ನೆಲ ಅಗೆಯಬಾರದು, ಹಸಿರು ಕಡಿಯಬಾರದು. ದೊಡ್ಡಮ್ಮ ನಿಮಗೆ ಹೇಳ್ಲಿಕ್ಕೆ ಹೇಳಿದ್ದಾರೆ" ಎಂದಳು.

ದೊಡ್ಡಮ್ಮ ಹೇಳಿದ್ದಾರೆ. ದಿನಕ್ಕೆ ಎಷ್ಟು ಸಲ ಈ ಮಾತು ಕೇಳುತ್ತಿದ್ದೆನೋ. ತಲೆಗೆ ಎಣ್ಣೆ ಹೀಗೆ ಹಚ್ಚಬೇಕಂತೆ, ದೊಡ್ಡಮ್ಮ ಹೇಳಿದ್ದಾರೆ. ಗಂಜಿಗೆ ಉಪ್ಪು ಆಮೇಲೆ ಹಾಕಬೇಕಂತೆ, ದೊಡ್ಡಮ್ಮ ಹೇಳಿದ್ದಾರೆ. ಈಗ ನನ್ನ ಅಂಗಳದಲ್ಲಿ ನಾನು ಯಾವಾಗ ಅಗೆಯಬೇಕು ಎಂಬುದಕ್ಕೂ ಅಪ್ಪಣೆ ಬಂತು. ಮಾತು ಕಿವಿಗೆ ಬಿತ್ತು, ಅರ್ಥವೂ ಆಯಿತು. ಬೇಕೆಂದೇ ಕೇಳಿಸಿಕೊಳ್ಳಲಿಲ್ಲ.

ಮರುದಿನ ಮಗಳು ಶಾಲೆಗೆ ಹೋದದ್ದೇ ಗುದ್ದಲಿ ತೆಗೆದುಕೊಂಡೆ. ಕೆಂಪು ನೆಲ, ಕಲ್ಲಿನಂಥದ್ದು; ಬಿದ್ದ ಪ್ರತಿ ಏಟಿಗೂ ಠಣ್ ಎನ್ನುತ್ತಿತ್ತು. ಆ ಸದ್ದು ಕೆಳಗೆ ಕೇಳಲಿ ಎಂದೇ ಜೋರಾಗಿ ಅಗೆದೆ. ಕೇಳಿಯೂ ಇರಬೇಕು. ಸ್ವಲ್ಪ ಹೊತ್ತಿಗೆ ಆಕೆ ಒಂದು ಬಟ್ಟಲು ಹಿಡಿದು ಮೇಲೆ ಬಂದರು. ಹುರಿದ ಅಕ್ಕಿ, ಹುರುಳಿಯ ಹುಡಿಗೆ ಬೆಲ್ಲ, ಕಾಯಿ ಬೆರೆಸಿ ಮಾಡಿದ ಹಬ್ಬದ ತಿಂಡಿ. ನನ್ನನ್ನು ನೋಡಿದರು, ಗುದ್ದಲಿಯನ್ನು ನೋಡಿದರು, ಅಗೆದ ಮಣ್ಣನ್ನು ನೋಡಿದರು. ಈಗ ಒಂದು ಮಾತು ಅನ್ನುತ್ತಾರೆ, ನಾನು ಹತ್ತು ಅನ್ನೋಣ ಎಂದು ಕಾದೆ. ಆಕೆ ಬಟ್ಟಲನ್ನು ಜಗಲಿಯ ಮೇಲಿಟ್ಟು, "ನಾನು ಮತ್ತೆ ಬರ್ತೇನೆ" ಎಂದು ಇಳಿದು ಹೋದರು. ಜಗಳಕ್ಕೂ ಒದಗದ ಹೆಂಗಸು.

ಸಂಜೆ ಮಗಳು ಬಂದಳು. ಮಡಿ ನೋಡಿ ನಿಂತಲ್ಲೇ ನಿಂತಳು.

"ನಾನು ಹೇಳಿದ್ದೆ! ನಿನ್ನೆಯೇ ಹೇಳಿದ್ದೆ!" ಎಂದು ಕಿರುಚಿದಳು. "ಭೂಮಿ ದೇವರು ಮುಟ್ಟಾಗಿದ್ದಾರೆ. ಮೂರು ದಿನ ಅವರಿಗೆ ರೆಸ್ಟ್. ಈಗ ಅಗೆದರೆ ನೋವಾಗ್ತದೆ, ನಿಮಗೆ ಗೊತ್ತಿಲ್ವಾ?"

ನಾನು ಬೆಚ್ಚಿದ್ದು ಭೂಮಿ ದೇವರಿಗೆ ನೋವಾಯಿತು ಎಂದಲ್ಲ. ಮುಟ್ಟು ಎಂಬ ಮಾತನ್ನು ಮಗಳು ಅಷ್ಟು ಸಲೀಸಾಗಿ ಆಡಿದ್ದಕ್ಕೆ. ಆ ಮಾತು ನಾನು ಅವಳಿಗೆ ಹೇಳಬೇಕಾದದ್ದು. ಬೇಸಿಗೆ ರಜೆಯಲ್ಲಿ ಪಕ್ಕಕ್ಕೆ ಮಲಗಿಸಿಕೊಂಡು, ಹೆದರದ ಹಾಗೆ ಹೇಳೋಣ ಎಂದು ಎತ್ತಿಟ್ಟುಕೊಂಡಿದ್ದೆ. ಅದನ್ನೂ ಆಕೆ ಹೇಳಿ ಮುಗಿಸಿದ್ದರು. ನಮ್ಮ ಕಡೆ ಸೀಗಿ ಹುಣ್ಣಿಮೆಗೆ ಭೂಮಿತಾಯಿ ಬಸುರಿ. ಬಯಕೆ ಊಟ ಕಟ್ಟಿಕೊಂಡು ಹೋಗಿ, ಅದನ್ನೇ ಹೊಲದ ತುಂಬ ಚರಗವೆಂದು ಚೆಲ್ಲುತ್ತೇವೆ. ನನ್ನ ಹತ್ತಿರವೂ ಒಂದು ಭೂಮಿ ಇತ್ತು. ಅದನ್ನು ಮಗಳಿಗೆ ತೋರಿಸಲು ನನಗೆ ಹೊತ್ತು ಸಿಗುವ ಮೊದಲೇ ಆಕೆಯ ಭೂಮಿ ಗೆದ್ದುಬಿಟ್ಟಿತು.

"ಹಾಗಾದ್ರ ಹೋಗು, ನಿನ್ನ ದೊಡ್ಡಮ್ಮನ ಮನ್ಯಾಗ ಇರಹೋಗು" ಎಂದೆ.

ಅಳುತ್ತ ಹೋದಳು. ಊಟದ ಹೊತ್ತಿಗೆ ವಾಪಸು ಬಂದಳು, ಆದರೆ ನನ್ನೊಂದಿಗೆ ಮಾತಿಲ್ಲ. ಗಂಡನಿಗೆ ವಿಷಯ ತಿಳಿಯಿತು. "ಮೂರು ದಿನ ತಡದಿದ್ರ ಪುಂಡಿಪಲ್ಲೆ ಓಡಿ ಹೋಗ್ತಿತ್ತೇನು?" ಎಂದರು. ಮರುದಿನವಿಡೀ ಮಗಳು ಬೇಕಾದದ್ದನ್ನೆಲ್ಲ ತಮ್ಮನ ಮೂಲಕ ಕೇಳಿಸಿದಳು. ಅವಳು ನನ್ನನ್ನು ಅಮ್ಮ ಎಂದೂ ಕರೆಯದೆ ಹೋದ ಆ ದಿನ, ಅಮ್ಮ ಎಂದರೂ ಸಾಕಿತ್ತು ಎನ್ನಿಸಿತು.

ಹಬ್ಬದ ಕೊನೆಯ ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಕಿಟಕಿಯಿಂದ ಕೆಳಗಿನ ಮನೆಯ ಅಂಗಳ ಕಾಣುತ್ತದೆ. ಆಕೆ ತಲೆಗೆ ಸ್ನಾನ ಮಾಡಿ ತುಳಸಿಕಟ್ಟೆಯ ಮುಂದೆ ಎಣ್ಣೆ, ಸೀಗೆ, ಅರಶಿನ, ಕುಂಕುಮ ಇಟ್ಟು, ನೆಲಕ್ಕೆ ಎಣ್ಣೆ ಬಿಡುತ್ತಿದ್ದರು. ಭೂಮಿಗೆ ಇನ್ನು ಸ್ನಾನ. ನನ್ನ ಮಗಳು ಪಕ್ಕದಲ್ಲಿ ನಿಂತಿದ್ದಳು. ನಿಂತಿರಲಿ ಎಂದುಕೊಂಡು ತಿರುಗಿ ಹಿಟ್ಟು ನಾದಿದೆ. ಮತ್ತೆ ನೋಡಿದಾಗ ಅವಳು ಅಲ್ಲಿರಲಿಲ್ಲ. ತೆಂಗಿನ ಗೆರಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದಂತೆ ಹೆಜ್ಜೆ ನೋಡಿ ಇಡುತ್ತ ನಮ್ಮ ಗುಡ್ಡ ಹತ್ತುತ್ತಿದ್ದಳು.

ನೇರ ನನ್ನ ಮಡಿಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. ನಾನು ಕಿಟಕಿಯ ಈಚೆ ಇರುವುದು ಅವಳಿಗೆ ಕಾಣುತ್ತಿರಲಿಲ್ಲ. ಅಗೆದು ಎಸೆದ ಮಣ್ಣನ್ನು ಅಂಗೈಯಿಂದ ಎಳೆದು ಗುಂಡಿಗಳಿಗೆ ತುಂಬಿದಳು. ಮೇಲೆ ಮೆಲ್ಲಗೆ ತಟ್ಟಿದಳು, ತಮ್ಮನನ್ನು ಮಲಗಿಸುವಾಗ ತಟ್ಟುವ ಹಾಗೆ. ಗೆರಟೆಯ ಎಣ್ಣೆಯನ್ನು ಬೆರಳಿನಲ್ಲಿ ಅದ್ದಿ ಒಂದೊಂದೇ ಹನಿ ಬಿಟ್ಟಳು. ಆಮೇಲೆ ಬಗ್ಗಿ, ನೆಲಕ್ಕೆ ಮಾತ್ರ ಕೇಳಬೇಕು ಎಂಬಂತೆ ಹೇಳಿದಳು.

"ಎನ್ನ ಅವ್ವಗ್ ಗೊತ್ತುಜ್ಜಿ. ಬೇಜಾರ್ ಮಲ್ಪೊಡ್ಚಿ."

ಅಷ್ಟು ತುಳು ನನಗೂ ಬಂದಿತ್ತು. ನನ್ನ ಅವ್ವನಿಗೆ ಗೊತ್ತಿಲ್ಲ, ಬೇಜಾರು ಮಾಡಬೇಡ. ಅವಳ ಆ ತುಳುವಿನ ನಡುವೆ ನಮ್ಮ ಊರಿನದು ಒಂದೇ ಮಾತಿತ್ತು. ಅದನ್ನು ಅವಳು ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ. ಮತ್ತೆ, ಅವ್ವನಿಗೆ ಗೊತ್ತಿಲ್ಲ ಎಂಬುದು ಸುಳ್ಳು. ನನಗೆ ಗೊತ್ತಿತ್ತು, ಗೊತ್ತು ಮಾಡಿಸಿದವಳು ಅವಳೇ. ಮೂರು ದಿನ ತಾನು ಅಷ್ಟು ಭಯಭಕ್ತಿಯಿಂದ ಕಂಡ ಭೂಮಿಗೆ, ನನಗಾಗಿ, ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದ್ದಳು.

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅದನ್ನು ತೆಗೆದು ಬದಿಗಿಟ್ಟು, ಇನ್ನೊಂದು ಬಡಿಯುವ ಹೊತ್ತಿಗೆ ಅವಳು ಎಣ್ಣೆಗೈಯಲ್ಲೇ ಒಳಗೆ ಬಂದು, "ಅಮ್ಮ, ಹಸಿವಾಗ್ತದೆ" ಎಂದಳು. ಅಮ್ಮ ಎಂದೇ ಕರೆದಳು. ತಟ್ಟೆ ಹಾಕಿದೆ, ಎರಡು ರೊಟ್ಟಿ ತಿಂದಳು. ಮೂರನೆಯದನ್ನು ಮಡಚುತ್ತ ನನ್ನ ಮುಖ ನೋಡಿದಳು. ನಾಲ್ಕನೆಯದನ್ನೂ ನಾನೇ ಮಡಚಿ ಕೊಟ್ಟೆ.

ಸಂಜೆ ಆಕೆ ಬಟ್ಟಲು ತೆಗೆದುಕೊಂಡು ಹೋಗಲು ಬಂದರು. ಮುಚ್ಚಿದ ಮಡಿಯನ್ನು, ಅದರ ಮೇಲಿನ ಎಣ್ಣೆಯ ಕಲೆಯನ್ನು ನೋಡಿದರು. "ಮಗು ಬೆಳಿಗ್ಗೆ ಎಣ್ಣೆ ಕೇಳಿ ತೆಗೆದುಕೊಂಡು ಬಂದಿತ್ತು. ಇಲ್ಲಿ ಏನು ಮಾಡಿತು ಮಾರಾಯ್ತಿ? ಏನಾದರೂ ಹೇಳಿತಾ?" ಎಂದು ಕೇಳಿದರು.

ಮಗಳ ಬಗ್ಗೆ ಆಕೆಗೆ ಗೊತ್ತಿಲ್ಲದ, ನನಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಆ ಊರಿಗೆ ಬಂದ ಮೇಲೆ ಮೊದಲ ಸಲ ನನ್ನ ಹತ್ತಿರವಿತ್ತು.

"ಏನೂ ಇಲ್ರಿ" ಎಂದೆ, ಬಟ್ಟಲಿಗೆ ಜೋಳದ ಹಿಟ್ಟು ತುಂಬಿ ಕೊಟ್ಟೆ.