ಕತ್ತಾಳೆಯ ಹಲಗೆ ಮಾಡಿದ ತಸ್ಲೀಮ್ ಬಾಯಾರು

ಕೈಕಸುಬಿನ ತರಗತಿಯೆಂದರೆ ಗಣಿತದ ಪಾಠ ಮುಗಿಯದಿದ್ದಾಗ ಗಣಿತದ ಮಾಸ್ತರರಿಗೆ ಬಿಟ್ಟುಕೊಡುವ ಅವಧಿಯೆಂದೇ ತಿಳಿದಿದ್ದ ನಮ್ಮ ಭಾಗದ ಶಾಲೆಗಳಲ್ಲಿ, ಆ ಅವಧಿಯನ್ನು ಯಾರಿಗೂ ಬಿಟ್ಟುಕೊಡದೆ ಸೇವೆ ಮುಗಿಸಿದವರು ಬೈಲಹೊಂಗಲದ ತಸ್ಲೀಮ್ ಬಾಯಾರು. ಶಿಕ್ಷಕಿಯರನ್ನು ನಮ್ಮ ಕಡೆ ಬಾಯಾರು ಎಂದೇ ಕರೆಯುತ್ತೇವೆ. ಸಮುದ್ರವಿಲ್ಲದ ಊರಿನಲ್ಲಿ ಕುಳಿತು ಅಲೆಯೇರುವ ಹಲಗೆಗಳನ್ನು ಕೈಯಿಂದ ಮಾಡಿದ, ಪಟ್ಟಣದ ಕಸದ ಗುಂಡಿಯೊಂದನ್ನು ತೋಪನ್ನಾಗಿ ಬೆಳೆಸಿದ ಈ ಶಿಕ್ಷಕಿ ನಿವೃತ್ತರಾಗುತ್ತಿರುವ ಹೊತ್ತಿನಲ್ಲಿ ಅವರ ಬಗ್ಗೆ ಬರೆಯುವುದು ಗೌರವದ ಕೆಲಸ. ಆದರೆ ಸಂತೋಷದ ಕೆಲಸವಲ್ಲ.

ಅವರ ತಂದೆ ಬಾಬಾಜಾನರು ರಾಮದುರ್ಗದಲ್ಲಿ ಬಡಗಿಗಳಾಗಿದ್ದರು. ಮಗಳು ನೌಕರಿಗೆ ಸೇರಿದ ದಿನ ತಾವು ಮರ ಹೆರೆಯುತ್ತಿದ್ದ ಕೀಸುಳಿಯನ್ನು ಬಟ್ಟೆಯಲ್ಲಿ ಸುತ್ತಿ ಅವರ ಕೈಗಿಟ್ಟರಂತೆ. ಅದನ್ನು ಏತಕ್ಕೆ ಬಳಸಬೇಕೆಂಬುದು ಬಾಯಾರಿಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಶಾಲೆಯ ಮಕ್ಕಳನ್ನು ಕರೆದುಕೊಂಡು ಕರಾವಳಿಗೆ ಪ್ರವಾಸ ಹೋದಾಗ. ಅಲ್ಲಿ ಕೆಲವು ತರುಣರು ಹಲಗೆಯ ಮೇಲೆ ನಿಂತು ಅಲೆಯ ಜೊತೆಗೆ ದಂಡೆಗೆ ಬರುತ್ತಿದ್ದರು. ಮಕ್ಕಳು ಅಲೆ ನೋಡಿದರೆ ಬಾಯಾರು ಹಲಗೆಯನ್ನು ನೋಡಿದರು. ಅದು ಕಾರ್ಖಾನೆಯ ಫೋಮಿನಿಂದ ಮಾಡಿದ್ದು, ಮುರಿದರೆ ಮಣ್ಣಿನಲ್ಲಿ ಕರಗದು ಎಂದು ಕೇಳಿ ತಿಳಿದುಕೊಂಡು ಊರಿಗೆ ಬಂದರು.

ಬಂದವರೇ ಹೊಲದ ಬದುಗಳಲ್ಲಿ ಕತ್ತಾಳೆ ಹುಡುಕಿದರು. ಕತ್ತಾಳೆ ಒಮ್ಮೆ ಹೂಬಿಟ್ಟು ಸಾಯುತ್ತದೆ; ಒಣಗಿ ನಿಂತ ಅದರ ದಂಟು ಆಳೆತ್ತರಕ್ಕಿಂತ ಉದ್ದ, ತೂಕದಲ್ಲಿ ಬೆಂಡು. ಆ ದಂಟುಗಳನ್ನು ಸೀಳಿ, ಅಂಟಿಸಿ, ಅಪ್ಪನ ಕೀಸುಳಿಯಿಂದ ಹೆರೆದು, ಮೇಲೆ ರಾಮದುರ್ಗದ ಕೈಮಗ್ಗದ ಬಟ್ಟೆ ಎಳೆದು ರಾಳ ಬಳಿದರು. ಮೊದಲನೆಯದು ನೀರು ಕುಡಿದು ಮುಳುಗಿತು. ಎರಡನೆಯದು ಬಿರಿಯಿತು. ಆಮೇಲಿನದು ಸವದತ್ತಿಯ ಹಿನ್ನೀರಿನಲ್ಲಿ ಒಂದು ಹುಡುಗಿಯನ್ನು ಹೊತ್ತುಕೊಂಡು ತೇಲಿತು.

ಆ ಹುಡುಗಿ ಸಂಗೊಳ್ಳಿಯ ಶೈಲಶ್ರೀ. ಮಲಪ್ರಭೆಯಲ್ಲಿ ಈಜಿ ಬೆಳೆದವಳು. ತರಗತಿಯಲ್ಲಿ ಮಾತು ಕಡಿಮೆ, ನೀರಿಗಿಳಿದರೆ ಬೇರೆಯೇ ಹುಡುಗಿ. ರಜೆಯಲ್ಲಿ ಅವಳನ್ನು ಕಡಲಿಗೆ ಕರೆದೊಯ್ಯುವ ವಿಷಯ ಬಂದಾಗ ಅವಳ ತಂದೆ ಬೀರಪ್ಪ ಒಪ್ಪಲಿಲ್ಲ. ಬಾಯಾರು ಸಂಗೊಳ್ಳಿಗೇ ಹೋಗಿ ಅವರ ಪಡಸಾಲೆಯಲ್ಲಿ ಕುಳಿತರು.

“ಹೆಣ್ಣ ಹುಡುಗಿ ಸಮುದ್ರಕ್ಕ ಹೋಗಿ ಏನ ಮಾಡತಾಳ್ರಿ ಬಾಯಾರ?” ಎಂದು ಬೀರಪ್ಪ ಕೇಳಿದರು.

“ನಾನೂ ಜೋಡಿ ಹೋಗತೇನ್ರಿ. ಆಕಿ ನೀರಾಗ ಇಳದರ ನಾನೂ ಇಳೀತೇನಿ.”

ಒಳಗಿನಿಂದ ಅಜ್ಜಿ ಶಟ್ಟೆವ್ವ, ಬಾಯಾರಿಗೆ ಈಜು ಬರುತ್ತದೆಯೇ ಎಂದು ಕೇಳಿದಳು. ಬರುತ್ತಿರಲಿಲ್ಲ. ನಲವತ್ತು ದಾಟಿದ ಬಾಯಾರು ಆ ಬೇಸಿಗೆಯಲ್ಲಿ ತಮ್ಮ ವಿದ್ಯಾರ್ಥಿನಿಯ ಕೈ ಹಿಡಿದೇ ಹಿನ್ನೀರಿನಲ್ಲಿ ಈಜು ಕಲಿತರು. ಆಮೇಲೆ ಬೀರಪ್ಪ ಒಪ್ಪಿದರು. ಆಡಿಕೊಳ್ಳುವವರು ಬಾಯಾರ ಕಡೆಯೂ ಇದ್ದರು, ಹುಡುಗಿಯ ಕಡೆಯೂ ಇದ್ದರು. ಅವರಿಗೆ ಉತ್ತರ ಕೊಡುತ್ತ ಕೂರಲು ಬಾಯಾರಿಗೆ ಪುರುಸೊತ್ತಿರಲಿಲ್ಲ. ಮುಂದೆ ಶೈಲಶ್ರೀ ಕಡಲತೀರದ ಒಂದು ಹಳ್ಳಿಯಲ್ಲಿಯೇ ನೆಲೆಸಿ, ಮೀನುಗಾರರ ಮಕ್ಕಳಿಗೆ ಕತ್ತಾಳೆಯ ಹಲಗೆಯ ಮೇಲೆ ಅಲೆಯೇರುವುದನ್ನು ಕಲಿಸತೊಡಗಿದಳು. ಹಲಗೆಗಳು ಬೈಲಹೊಂಗಲದಿಂದ ಬಸ್ಸಿನ ಮೇಲೆ ಹೋಗುತ್ತಿದ್ದವು.

ಹಲಗೆಗೆ ದಂಟು ಬೇಕು, ದಂಟಿಗೆ ಗಿಡ ಬೇಕು ಎಂಬಲ್ಲಿಂದ ತೋಪು ಹುಟ್ಟಿತು. ಮುಚ್ಚಿಹೋದ ಹತ್ತಿ ಗಿರಣಿಯೊಂದರ ಹಿಂದೆ ಊರಿನ ಕಸ ಬೀಳುತ್ತಿದ್ದ ಪಾಳು ಜಾಗವಿತ್ತು. ಗಿರಣಿಯ ಹಿರಿಯ ಯಜಮಾನರು, ಗಿಡ ಹಚ್ಚಿಕೊಳ್ಳಿರಿ ಎಂದು ಬಾಯಿಮಾತಿನಲ್ಲಿ ಒಪ್ಪಿದರು. ಮಕ್ಕಳು ಕಸ ತೆಗೆದರು, ಸುತ್ತಲೂ ಕತ್ತಾಳೆಯ ಬೇಲಿ ಹಚ್ಚಿದರು, ಒಳಗೆ ಬೇವು, ಹೊಂಗೆ, ಅತ್ತಿ, ಹುಣಸೆ ನೆಟ್ಟರು. ಮಧ್ಯಾಹ್ನದ ಊಟದ ತಟ್ಟೆ ತೊಳೆದ ನೀರೇ ಆ ಸಸಿಗಳಿಗೆ ನೀರು. ನೆಟ್ಟವರಲ್ಲಿ ಯಜಮಾನರ ಮೊಮ್ಮಗ ಸಚಿನನೂ ಒಬ್ಬ. ಅತ್ತಿಯ ಗುಂಡಿ ತೋಡಿದವನು ಅವನೇ. ವರ್ಷಗಳು ಕಳೆದಂತೆ ಸಂತೆಗೆ ಬಂದವರು ಅಲ್ಲಿ ಬುತ್ತಿ ಬಿಚ್ಚುವುದು, ಬಾಣಂತಿಯರು ಬಸ್ಸು ಕಾಯುತ್ತ ಕೂಸುಗಳನ್ನು ಮಲಗಿಸುವುದು ರೂಢಿಯಾಯಿತು. ಅದು ಯಾರದೋ ಜಾಗ ಎಂಬುದನ್ನು ಊರು ಮರೆಯಿತು.

ಜಾಗ ಮಾತ್ರ ಒಡೆಯನನ್ನು ಮರೆಯಲಿಲ್ಲ. ಹಿರಿಯರು ತೀರಿಕೊಂಡರು, ಪಾಲಾಯಿತು, ತೋಪು ಸಚಿನನ ಪಾಲಿಗೆ ಬಂತು. ಬಾಯಾರ ನಿವೃತ್ತಿಯ ವರ್ಷವೇ ಅವನು ಅವರ ಮನೆಗೆ ಬಂದು, ಅಲ್ಲಿ ಮದುವೆಯ ಹಾಲ್ ಕಟ್ಟಿಸುವುದಾಗಿ ತಲೆ ತಗ್ಗಿಸಿ ಹೇಳಿದ. ಬಾಯಾರು ಅವನಿಗೆ ಬೈಯಲಿಲ್ಲ. ಅತ್ತಿಯೊಂದನ್ನಾದರೂ ಉಳಿಸಲು ಬರುತ್ತದೆಯೇ ಎಂದು ಕೇಳಿದರು. ಅದು ಗಾಡಿ ನಿಲ್ಲಿಸುವ ಕಡೆಗೇ ಬರುತ್ತದೆ ಎಂದ.

“ಹಾಲ್‌ಗೆ ನಿಮ್ಮ ಹೆಸರ ಇಡತೇನ್ರಿ ಬಾಯಾರ. ನಿಮ್ಮ ಸನ್ಮಾನನೂ ಅಲ್ಲೇ ಮಾಡೂಣು.”

“ನನ್ನ ಹೆಸರ ಬ್ಯಾಡೋ ಸಚಿನ. ಅಷ್ಟ ಮಾಡು.”

ಬಾಯಾರೂ ಹಳೆಯ ವಿದ್ಯಾರ್ಥಿಗಳೂ ಕಂಡಕಂಡವರ ಬಾಗಿಲು ತಟ್ಟಿದರು. ಎಲ್ಲರೂ ಚಹಾ ಕೊಟ್ಟರು. ಕಾಗದಪತ್ರ ಸಚಿನನ ಹೆಸರಿನಲ್ಲಿವೆ ಎಂದರು. ಅದು ನಿಜವೂ ಆಗಿತ್ತು.

ತೋಪಿಗೆ ಯಂತ್ರ ಬಂದ ದಿನ ಬಾಯಾರು ತರಗತಿಯಲ್ಲಿದ್ದರು. ಶಾಲೆಯ ಕಿಟಕಿಗಳು ತೋಪಿನ ಕಡೆಗೇ ಇವೆ. ಒಂದೊಂದು ಮರ ಬಿದ್ದಾಗಲೂ ಮಕ್ಕಳ ಕೈ ನಿಲ್ಲುತ್ತಿತ್ತು. ಎದ್ದು ಕಿಟಕಿ ಮುಚ್ಚಿದ ಬಾಯಾರು ಅವಧಿ ಮುಗಿಯುವ ತನಕ ಬುಟ್ಟಿ ಹೆಣೆಯುವುದನ್ನು ಕಲಿಸಿದರು. ಗಂಗಾ ಎಂಬ ಹುಡುಗಿ, ಅಲ್ಲಿಗೆ ಹೋಗುವುದಿಲ್ಲವೇ ಎಂದು ಕೇಳಿದಳಂತೆ. ಬಾಯಾರು ಅವಳ ಬುಟ್ಟಿಯ ತಪ್ಪು ಹೆಣಿಗೆಯನ್ನು ಬಿಚ್ಚಿ ಕೊಟ್ಟರು.

ಶಾಲೆ ಬಿಟ್ಟ ಮೇಲೆ ಹೋದಾಗ ಅಲ್ಲಿ ಶೈಲಶ್ರೀ ನಿಂತಿದ್ದಳು. ಅವಳೂ ಬರಿಗೈಯಲ್ಲಿ ಬಂದವಳೇ. ಅವಳು ಕಲಿಸುತ್ತಿದ್ದ ದಂಡೆಯಲ್ಲಿ ಕಡಲ್ಕೊರೆತ ತಡೆಯಲೆಂದು ಬಂಡೆಗಲ್ಲು ಸುರಿದಿದ್ದರು. ಅಲೆ ಈಗ ಕಲ್ಲಿಗೆ ಬಡಿಯುತ್ತದೆ, ಮಕ್ಕಳನ್ನು ಇಳಿಸುವಂತಿಲ್ಲ. ಅವಳ ಪಕ್ಕದಲ್ಲಿ ಬುಡಸಮೇತ ಕಿತ್ತ ಕತ್ತಾಳೆಗಳು ರಾಶಿ ಬಿದ್ದಿದ್ದವು. ಕೆಲವು ಇನ್ನೂ ಹೂಬಿಟ್ಟಿರಲಿಲ್ಲ.

“ಮತ್ತ ಹಚ್ಚೂಣ್ರಿ ಬಾಯಾರ,” ಎಂದಳು ಶೈಲಶ್ರೀ.

“ಎಲ್ಲೆ ಹಚ್ಚತೀ, ಶೈಲಾ? ಆ ಅತ್ತಿ ಗಿಡಕ್ಕ ಹಕ್ಕಿ ಬರಾಕ ಎಷ್ಟ ವರ್ಷಾ ಬೇಕಾತು, ನೆನಪೈತೇನು? ನನಗ ಇನ್ನ ಅಷ್ಟ ವರ್ಷಾ ಎಲ್ಲೆ ಅದಾವು?”

ಸೇವೆಯುದ್ದಕ್ಕೂ ಅವರ ಬಾಯಿಂದ ಇಂಥ ಮಾತನ್ನು ಯಾರೂ ಕೇಳಿರಲಿಲ್ಲ. ಇಬ್ಬರೂ ಕತ್ತಲಾಗುವವರೆಗೆ ಅಲ್ಲಿ ಕುಳಿತು, ಎದ್ದು ಬಂದರು. ಅಂದಿನಿಂದ ಬಾಯಾರು ಆ ಬೀದಿಯಲ್ಲಿ ನಡೆಯುವುದಿಲ್ಲ; ಶಾಲೆಗೆ ದೂರದ ದಾರಿ ಹಿಡಿದು ಬರುತ್ತಾರೆ. ಕೀಸುಳಿಯನ್ನು ಮತ್ತೆ ಮುಟ್ಟಿಲ್ಲ.

ಈ ಅಭಿನಂದನ ಗ್ರಂಥದ ಸಂಪಾದಕರು ಒಪ್ಪಿಗೆ ಕೇಳಲು ಹೋದಾಗ ಬಾಯಾರು ಬೇಡವೆನ್ನಲಿಲ್ಲ. ಒಂದೇ ಒಂದು ಮಾತು ಹೇಳಿದರು: “ಬರೀರಿ. ಆದರ ಗೆದ್ದಾಳ ಅಂತ ಬರೀಬ್ಯಾಡ್ರಿ. ಹುಡುಗ್ರು ಓದತಾವು, ಖರೆ ಅನ್ಕೊಂತಾವು.”

ಅವರ ಮಾತಿನಂತೆಯೇ ಬರೆದದ್ದಾಗಿದೆ. ನಿವೃತ್ತರಾಗುವವರಿಗೆ ಆಯುರಾರೋಗ್ಯ ಕೋರಿ, ಅವರ ಕೆಲಸ ಹೀಗೆಯೇ ಮುಂದುವರಿಯಲಿ ಎಂದು ಹಾರೈಸುವುದು ವಾಡಿಕೆ. ತಸ್ಲೀಮ್ ಬಾಯಾರು ನೂರ್ಕಾಲ ಬಾಳಲಿ. ಇದನ್ನು ಊರಿಗೆ ಊರೇ ಮನಸಾರೆ ಹೇಳುತ್ತದೆ. ಆದರೆ ಕೆಲಸ ಮುಂದುವರಿಯಲಿ ಎನ್ನುವವರು ಅದು ಎಲ್ಲಿ ಎಂಬುದನ್ನೂ ಹೇಳಬೇಕಾಗುತ್ತದೆ. ಅವರ ಕೈಯಲ್ಲಿ ಕಲಿತು ದೊಡ್ಡವರಾದ ನಾವು ಇಷ್ಟು ಜನ ಸೇರಿ ಶಾಲು ತಂದಿದ್ದೇವೆ, ಹಾರ ತಂದಿದ್ದೇವೆ, ಈ ಗ್ರಂಥವನ್ನೂ ತಂದಿದ್ದೇವೆ. ಒಂದು ಸಸಿ ನೆಡುವಷ್ಟು ನೆಲವನ್ನು ಮಾತ್ರ ಯಾರೂ ತಂದಿಲ್ಲ.